ಗಾಳಿ ಇರುವಷ್ಟು ಹೊತ್ತು

ನಮ್ಮ ಕಡೆ ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಅಳಿಯನೂ ಮಾವನ ಮನೆಗೆ ಬರುವ ಹಾಗಿಲ್ಲ. ಹಾಗಂತ ಅಪ್ಪ ನನ್ನನ್ನು ಚನ್ನಪಟ್ಟಣಕ್ಕೆ ಕರೆದುಕೊಂಡು ಬಂದುಬಿಟ್ಟರು. ಈ ಶಾಸ್ತ್ರ ಮಾಡಿದವರಿಗೆ ಆಗಿನ್ನೂ ಮದುವೆಯಾಗಿರಲಿಲ್ಲ ಎಂದು ನನ್ನ ಗುಮಾನಿ. ನಮಗೆ ಉಳಿದದ್ದು ಸಂಜೆಯ ಒಂದು ಫೋನು ಮಾತ್ರ.

ಅದಕ್ಕೂ ಕಲ್ಲು ಬಿತ್ತು. ನನ್ನ ಗಂಡ ಕೂಟಗಲ್ ಹತ್ತಿರದ ತೋಟದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕಾದ್ದರಿಂದ ಅಲ್ಲೇ ಮಲಗುತ್ತಿದ್ದರು. ತೋಟಕ್ಕೆ ಕರೆಂಟ್ ಕಂಬ ಬಂದಿರಲಿಲ್ಲ. ಸೂರಿನ ಮೇಲಿನ ಸಣ್ಣ ಸೋಲಾರ್ ಪ್ಯಾನೆಲ್ ಬೇಸಿಗೆಯಲ್ಲಿ ಫೋನಿಗೂ ದೀಪಕ್ಕೂ ಆಗಿ ಮಿಗುತ್ತಿತ್ತು. ಆಷಾಢದಲ್ಲೋ ದಿನವಿಡೀ ಮೋಡ. ಎರಡು ಮಾತಾಡುವಷ್ಟರಲ್ಲಿ ಅವರ ಫೋನು ಆಫ್ ಆಗುತ್ತಿತ್ತು. ನಾನು ಅಡುಗೆಮನೆಯ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಅಪ್ಪ ಮರದ ಗೊಂಬೆ ಮಾಡುವವರು. ಪಾತ್ರೆಯ ಸದ್ದು ಕೇಳಿ ಕೇಳಿ ಸಾಕಾಗಿ, "ಬಿಸಿಲಿಲ್ದಿದ್ರೆ ಏನಾಯ್ತವ್ವ, ಗಾಳಿ ಐತಲ್ಲ" ಎಂದು, ಗಾಳಿಗೆ ತಿರುಗಿ ಕರೆಂಟ್ ಹುಟ್ಟಿಸುವ ಫ್ಯಾನಿಗೆ ಮೂರು ರೆಕ್ಕೆ ಕೆತ್ತಿದರು. ಕೈ ಸುಮ್ಮನಿರದೆ ನಡುವಿನ ಬಿಲ್ಲೆಗೆ ಅರಗಿನ ಕೆಂಪು ಬಣ್ಣವನ್ನೂ ಹಾಕಿ ಬಸ್ಸಿನಲ್ಲಿ ಕಳಿಸಿದರು. ಗಂಡ ಅದನ್ನು ಸಣ್ಣ ಮೋಟಾರಿಗೆ ಸಿಕ್ಕಿಸಿ, ಬಿದಿರ ಗಳುವಿಗೆ ಕಟ್ಟಿ, ಸೋಲಾರಿನ ಬ್ಯಾಟರಿಗೇ ಜೋಡಿಸಿದರು.

ಮರುದಿನ ಫೋನಿನಲ್ಲಿ ಹಿಗ್ಗೋ ಹಿಗ್ಗು. "ಒಂದೆಲೆ ಅಲ್ಲಾಡ್ತಿಲ್ಲ, ಆದ್ರೂ ಫ್ಯಾನು ತಿರುಗ್ತಾನೇ ಐತೆ. ನಿಮ್ಮಪ್ಪನ ಕೈಗುಣ ಕಣಮ್ಮಿ" ಎನ್ನುತ್ತಿದ್ದಂತೆ ಲೈನು ಹೋಯಿತು. ಆಮೇಲೆ ಸುದ್ದಿಯೇ ಇಲ್ಲ. ಗಾಳಿ ನಿಂತಾಗ ಬ್ಯಾಟರಿಯೇ ಫ್ಯಾನನ್ನು ತಿರುಗಿಸುತ್ತ ಖಾಲಿಯಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ರಾಮನಗರದ ರಿಪೇರಿ ಅಂಗಡಿಯಲ್ಲಿ, ಕರೆಂಟು ಹಿಂದಕ್ಕೆ ಹರಿಯದಂತೆ ಒಂದು ಡಯೋಡ್ ಹಾಕಿಸಿಕೊಂಡ ಮೇಲೆ ಸರಿಹೋಯಿತು.

ಆಮೇಲಿನ ಸಂಜೆಗಳಲ್ಲಿ ಗಾಳಿ ಇರುವಷ್ಟು ಹೊತ್ತು ಮಾತು. "ಗಾಳಿ ನಿಂತ್ಬುಟ್ರೆ ಹೋಯ್ತದೆ, ಬೇಗ ಬೇಗ ಮಾತಾಡಮ್ಮಿ" ಎನ್ನುತ್ತಿದ್ದರು. ಆ ಅವಸರದಲ್ಲಿ, ಎದುರಿಗೆ ಕೂತು ಹೇಳಲಾಗದ್ದನ್ನೆಲ್ಲ ಹೇಳಿಬಿಟ್ಟೆವು. ನಾನಿಲ್ಲದೆ ಊಟ ಸೇರುವುದಿಲ್ಲ ಎಂದು ಅವರು ಹೇಳಿದ್ದು ಆಗಲೇ, ಆ ಒಂದೇ ಸಲ.

ಈಗ ತೋಟಕ್ಕೆ ಕಂಬ ಬಂದಿದೆ. ಚಾರ್ಜಿಗೆ ಬರವಿಲ್ಲ. ಒಂದೇ ಪಡಸಾಲೆಯಲ್ಲಿ ಕೂತು ಅವರ ಫೋನು ಅವರು, ನನ್ನದು ನಾನು ನೋಡುತ್ತೇವೆ. ಮಾತಾಡಿದರೆ ಸೊಪ್ಪು, ಹುಳು, ಗೂಡಿನ ರೇಟು. ಆಷಾಢದ ಗಾಳಿ ಎದ್ದಾಗ ನನಗೆ ಆ ಸಂಜೆಗಳು ಮತ್ತೆ ಬೇಕೆನಿಸುತ್ತವೆ, ತುಂಬಾ ಬೇಕೆನಿಸುತ್ತವೆ. ಈ ಸಲ ಯಾರೂ ಕರೆಯದೆ ನಾನೇ ತವರಿಗೆ ಹೊರಟೆ. "ಈ ವಯಸ್ನಲ್ಲಿ ಎಂಥಾ ಆಷಾಢವ್ವ?" ಎಂದು ಅತ್ತೆ ನಕ್ಕರು. ಗಂಡ ಫೋನಿನಿಂದ ತಲೆಯೆತ್ತಲಿಲ್ಲ.

ಮೊದಲ ಸಂಜೆ ಫೋನು ಬರಲಿಲ್ಲ. ನಾನಾಗಿ ಮಾಡಬಾರದೆಂದು ನನಗೂ ಹಟ. ಮರುದಿನ ಸಂಜೆ ಬಂತು. ಅವರ ದನಿಯ ಹಿಂದೆ ಗರಗರ ಸದ್ದು. ಅಟ್ಟದಲ್ಲಿದ್ದ ಹಳೆಯ ಫ್ಯಾನನ್ನು ಇಳಿಸಿ ಮತ್ತೆ ಗಳುವಿಗೆ ಕಟ್ಟಿದ್ದರಂತೆ.

"ಕರೆಂಟ್ ಐತಲ್ಲ, ಈಗ ಅದ್ಯಾಕೆ?" ಎಂದೆ.

"ಗಾಳಿ ನಿಂತ್ಬುಟ್ರೆ ಹೋಯ್ತದೆ" ಅಂದರು. "ಬೇಗ ಬೇಗ ಮಾತಾಡಮ್ಮಿ."

ಗಾಳಿ ಬೀಸುತ್ತಲೇ ಇತ್ತು. "ಊಟ ಸೇರ್ತಾ ಐತಾ?" ಎಂದು ಬೇಗ ಬೇಗ ಕೇಳಿದೆ.