ಇಂಗ್ಲೆಂಡಿನ ನಾಲ್ವರು, ಕೊಂಕಲ್‌ನ ಒಂದು ಟೇಪು

ಶಹಾಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಚಹಾದ ಹೋಟೆಲಿತ್ತು. ಭಾನುವಾರ ನಾವು ಮೂವರು ಅಲ್ಲಿ ಕೂತೆವೆಂದರೆ ಮಾಲೀಕ ಎದ್ದು ರೇಡಿಯೊದ ದನಿ ಏರಿಸುತ್ತಿದ್ದ. ಬೇರೆ ಮೇಜಿನವರು ಹತ್ತಿಯ ದರ ಮಾತಾಡುತ್ತಿದ್ದರು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಬಿಟ್ಟರೂ ಅದು ಯಾರ ಹೊಲದ ತನಕ ಬರುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು. ನಾವು ಮಾತ್ರ ಇಂಗ್ಲೆಂಡಿನ ನಾಲ್ಕು ಹುಡುಗರ ಸಲುವಾಗಿ ಜಗಳಾಡುತ್ತಿದ್ದೆವು.

ಆ ನಾಲ್ವರದು ಒಂದು ಬ್ಯಾಂಡು. ಮದುವೆ ಮೆರವಣಿಗೆಯ ಬ್ಯಾಂಡಲ್ಲ ಮತ್ತೆ. ಗಿಟಾರು, ಡ್ರಮ್ಮು ಇಟ್ಟುಕೊಂಡು, ದೊಡ್ಡ ಕಂಪನಿಗಳ ಹಂಗಿಗೆ ಬೀಳದೆ, ತಾವೇ ಹಾಡು ಕಟ್ಟಿ ತಾವೇ ಹಾಡುವ ಪೈಕಿಯವರು. ಅವರ ಹೆಸರನ್ನು ನಾವು ಎಂದೂ ಬಾಯಿತುಂಬ ಹೇಳಿದವರಲ್ಲ, ‘ಆ ನಾಕು ಹುಡುಗರು’ ಅನ್ನುತ್ತಿದ್ದೆವು. ಕ್ಯಾಸೆಟ್ಟಿನ ಮೇಲೆ ಅವರ ಫೋಟೊ ಇತ್ತು. ಇಟ್ಟಂಗಿಯ ಗೋಡೆಗೆ ಬೆನ್ನು ಕೊಟ್ಟು, ತಲೆ ಬಾಚದೆ, ಯಾರೋ ಈಗಷ್ಟೇ ಬೈದು ಹೋಗಿದ್ದಾರೆ ಅನ್ನುವಂತೆ ನಿಂತಿದ್ದರು.

ನಾನಾಗ ಊರಾಚೆಯ ಕಾಲುವೆ ಕ್ಯಾಂಪಿನ ಆಫೀಸಿನಲ್ಲಿ ಗುಮಾಸ್ತ. ಮೈಸೂರು ಕಡೆಯ ಒಬ್ಬ ಇಂಜಿನಿಯರು ವರ್ಗವಾಗಿ ಹೋಗುವಾಗ ಆ ಕ್ಯಾಸೆಟ್ಟನ್ನು ತಮ್ಮ ಪಕ್ಕದ ಮನೆಯ ಟ್ರೇಸರ್‌ಗೆ ಕೊಟ್ಟು ಹೋದರು. ಟ್ರೇಸರ್ ಎಂದರೆ ಕಾಲುವೆಯ ನಕಾಶೆಗಳನ್ನು ತೆಳು ಹಾಳೆಯ ಮೇಲೆ ಮಸಿಯಲ್ಲಿ ತಿದ್ದಿ ತೆಗೆಯುವವನು. ತಪ್ಪಿದ ಗೆರೆಯನ್ನು ಕೆರೆದು ಹಾಕಲು ಅರ್ಧ ಬ್ಲೇಡು ಸದಾ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಅವನ ನಾಲಿಗೆಯೂ ಅದೇ ಜಾತಿಯದು. ಅವನ ಮನೆಯಲ್ಲಿ ದೊಡ್ಡ ಟೇಪ್‌ರೆಕಾರ್ಡರ್ ಇತ್ತು. ನಾನು ಆ ಹಾಡುಗಳನ್ನೆಲ್ಲ ಅಲ್ಲಿಯೇ, ಅವನ ಜೊತೆ ಕಾಲು ಕುಣಿಸುತ್ತ ಕೇಳಿದ್ದೆ.

ಮೂರನೆಯವನು ಮಾಸ್ತರ. ಕೊಂಕಲ್‌ನ ಕುರಿ ಸಾಕುವ ಮನೆತನದ ಹುಡುಗ, ವಡಗೇರಾದ ಶಾಲೆಯಲ್ಲಿ ಹೊಸದಾಗಿ ನೌಕರಿ ಹಿಡಿದಿದ್ದ. ಹಿಂದಿನ ವರ್ಷ ಅವನ ಅಪ್ಪ ತೀರಿಕೊಂಡಿದ್ದರು. ಟ್ರೇಸರ್ ಕ್ಯಾಸೆಟ್ಟಿನ ಒಂದು ನಕಲು ತನಗೆಂದು ಮಾಡಿಸಿಕೊಂಡು, ಮೊದಲಿನದನ್ನು ನನ್ನ ಕೈಯಲ್ಲಿ ಮಾಸ್ತರನಿಗೆ ಕಳಿಸಿದ. ಜಗಳ ಹುಟ್ಟಿದ್ದು ಅಲ್ಲಿಂದಲೇ.

ಮಾಸ್ತರ ಹೇಳುತ್ತಿದ್ದ: ಈ ನಾಲ್ವರು ಯಾಕೆ ದೊಡ್ಡವರೆಂದರೆ ಅವರಿಗೆ ದುಃಖ ಹೇಗೆ ಹೊರಬೇಕೆಂದು ಗೊತ್ತು. ಆ ಹಾಡುವ ಹುಡುಗ ಒಂದೊಂದು ಮಾತನ್ನೂ ತಲೆಯ ಮೇಲಿನ ಹೊರೆ ಇಳಿಸುವ ಹಾಗೆ ಮೆಲ್ಲಗೆ ಇಳಿಸುತ್ತಾನೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಬೆಂಕಿಯ ಮುಂದೆ ನಿಂತು ನಮ್ಮ ಹಿರಿಯರು ಕರ್ಬಲಾದ ಶೋಕದ ರಿವಾಯತ್ ಹಾಡುವುದಿಲ್ಲವೇ, ಅದೇ ಎಳೆತ, ಅದೇ ಭಾರ. ಟ್ರೇಸರ್‌ಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿ. ದುಃಖ ಎಲ್ಲಿಂದ ಬಂತು, ಅವರು ಬಿಟ್ಟ ಹೋರಿಗರುವಿನ ಹಾಗೆ ಜಿಗಿಯುತ್ತಾರೆ, ಡ್ರಮ್ಮಿನವನು ಉಸಿರು ತೆಗೆದುಕೊಳ್ಳಲಿಕ್ಕೂ ಬಿಡುವುದಿಲ್ಲ, ಅವರ ದೊಡ್ಡಸ್ತಿಕೆ ಇರುವುದೇ ಆ ಅವಸರದಲ್ಲಿ ಅನ್ನುತ್ತಿದ್ದ.

“ನೀ ಕೇಳಿದ್ದು ಹಾಡೋ, ಸತ್ತವರ ಮನಿ ಅಳುವೋ ಮಾಸ್ತರ?” ಎಂದು ಒಂದು ದಿನ ಕೇಳಿಯೇಬಿಟ್ಟ.

“ನಿನಗ ಕಾಲಷ್ಟೇ ಅದಾವ, ಕಿವಿ ಇಲ್ಲ” ಅಂದ ಮಾಸ್ತರ, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ.

ರುಚಿ ಅವರವರದು ಎಂದು ನಾನು ನಡುವೆ ಕೂತು ನಕ್ಕೆ. ಆದರೆ ವಾರದಿಂದ ವಾರಕ್ಕೆ ಮಾತು ಬಿಸಿಯಾಗತೊಡಗಿತು. ಕೊನೆಗೆ ಹರದೇಶಿ ನಾಗೇಶಿಯ ರೀತಿಯಲ್ಲೇ ಇದನ್ನು ತೀರಿಸೋಣ ಎಂದು ಇಬ್ಬರೂ ಒಪ್ಪಿಬಿಟ್ಟರು. ನಮ್ಮ ಕಡೆ ಆ ಮೇಳಗಳನ್ನು ಕೇಳಿ ಬೆಳೆಯದವರು ಕಡಿಮೆ. ನನ್ನ ಅಜ್ಜಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸುರಪುರದಲ್ಲಿ ಕೇಳಿಸಿದ್ದಳು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳ ಎದುರುಬದುರು ನಿಂತು ಹಾಡಿನಲ್ಲೇ ಸವಾಲು ಹಾಕುತ್ತವೆ, ಹಾಡಿನಲ್ಲೇ ಜವಾಬು ಕೊಡುತ್ತವೆ. ನಮ್ಮಲ್ಲಿ ಇದು ಮಾತಿನ ಪಂಥವಾಗಿಯೂ ಬಳಕೆಯಲ್ಲಿತ್ತು: ಜವಾಬು ಸಿಗದೆ ಸೋತವನು, ಗೆದ್ದವನು ಹೇಳಿದ ಒಂದು ಮಾತನ್ನು ನಡೆಸಿಕೊಡಬೇಕು, ಹಿಂದೆ ಸರಿಯುವಂತಿಲ್ಲ. ಮುಂದಿನ ಭಾನುವಾರ ಕ್ಯಾಂಪಿನಲ್ಲಿ, ಟ್ರೇಸರ್‌ನ ಟೇಪಿನ ಮುಂದೆ, ಒಂದೊಂದು ಹಾಡು ಹಚ್ಚಿ ಒಂದೊಂದು ಸವಾಲು ಅಂತ ಠರಾಯಿತು.

ಅದರ ನಡುವೆ ನಾನು ಆಫೀಸಿನ ಕೆಲಸಕ್ಕೆ ವಡಗೇರಾಕ್ಕೆ ಹೋದೆ. ಮಾಸ್ತರ ಬಿಡಲಿಲ್ಲ, ಊಟಕ್ಕೆಂದು ಕೊಂಕಲ್‌ಗೆ ಎಳೆದುಕೊಂಡು ಹೋದ. ಕೈಕಾಲು ತೊಳೆದು ಒಳಗೆ ಬರುವಾಗ ಒಂದು ಗಂಡುದನಿ ಹಾಡುತ್ತಿತ್ತು. ದಪ್ಪ ದನಿ, ಬಾವಿಯ ತಳದಿಂದ ಏರಿ ಬರುವಂಥದ್ದು. ಯಾರ ಹಾಡು ಎಂದು ಕೇಳಬೇಕೆನ್ನುವಷ್ಟರಲ್ಲಿ ಹಿಂದಿನ ಗಿಟಾರಿನ ಗುರುತು ಸಿಕ್ಕಿತು. ನಮ್ಮ ನಾಲ್ಕು ಹುಡುಗರೇ. ಆದರೆ ಮೊಣಕಾಲುದ್ದದ ಕೆಸರಿನಲ್ಲಿ ನಡೆಯುತ್ತಿದ್ದರು.

ಬ್ಯಾಟರಿ ಶೆಲ್ಲು ತೀರಿವೆ ಎಂದುಕೊಂಡೆ. ಕೇಳಿದರೆ, ನಿನ್ನೆಯಷ್ಟೇ ಹೊಸವು ಹಾಕಿದ್ದೇನೆ ಅಂದ. ಯಾದಗಿರಿಯ ಸ್ಟೇಷನ್ ಹತ್ತಿರ ಕೊಂಡ ಹಳೇ ಟೇಪು ಅದು. ತಂದ ವಾರದಲ್ಲೇ ಒಳಗಿನ ಬೆಲ್ಟು ಹರಿದಿತ್ತಂತೆ. ಹಳೆಯ ಸೈಕಲ್ ಟ್ಯೂಬಿನಿಂದ ಬಳೆಯ ಹಾಗೆ ಒಂದು ಉಂಗುರ ಕತ್ತರಿಸಿ ತಾನೇ ಏರಿಸಿದೆ ಎಂದು ಹೆಮ್ಮೆಯಿಂದ ಹಿಂದಿನ ಮುಚ್ಚಳ ತೆಗೆದು ತೋರಿಸಿದ. ದಪ್ಪ ಕಪ್ಪು ರಬ್ಬರು ಮೋಟರಿನ ಕುತ್ತಿಗೆ ಹಿಡಿದುಕೊಂಡು ಕೂತಿತ್ತು. ಆ ಬಿಗಿಗೆ ಅದು ತಿರುಗುವುದೇ ದೊಡ್ಡದು, ಅದಕ್ಕೇ ಹಾಡು ನಿಧಾನ, ದನಿ ದಪ್ಪ. ಕನ್ನಡದ ಹಾಡಾಗಿದ್ದರೆ ಮೊದಲ ಸಾಲಿಗೇ ಯಾರಾದರೂ ತಪ್ಪು ಹಿಡಿಯುತ್ತಿದ್ದರು. ಅವರ ಮನೆಯಲ್ಲಿ ಕನ್ನಡದ್ದೆಲ್ಲ ರೇಡಿಯೊದಲ್ಲೇ ಕೇಳುತ್ತಿದ್ದರು, ಟೇಪಿನಲ್ಲಿ ಓಡಿದ್ದು ಇದೊಂದೇ ಕ್ಯಾಸೆಟ್ಟು. ಇಂಗ್ಲೆಂಡಿನವರು ಎಷ್ಟು ವೇಗವಾಗಿ ಹಾಡುತ್ತಾರೆಂದು ಕೊಂಕಲ್‌ನಲ್ಲಿ ಯಾರಿಗೆ ಗೊತ್ತು?

ನಗು ಬಂತು, ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾಸ್ತರನ ತಾಯಿ ಬಂದು ಕಂಬಕ್ಕೆ ಒರಗಿ ಕೂತಳು. ಮಡಿಲಲ್ಲಿ ಉಣ್ಣೆ ಇತ್ತು, ಕೈ ಅದನ್ನು ಬಿಡಿಸುತ್ತಿತ್ತು, ಕಣ್ಣುಗಳು ಎಲ್ಲೋ ಇದ್ದವು.

“ಇವರಪ್ಪ ಹಿಂಗ ಎಳದ್ ಎಳದ್ ಹಾಡ್ತಿದ್ದ” ಅಂದಳು ನನಗೆ. “ಮಾತು ತಿಳ್ಯಂಗಿಲ್ಲ ತಮ್ಮಾ. ದನಿ ಮಾತ್ರ ಅವಂದೇ ಅದ.”

ಊಟವಾದ ಮೇಲೆ ಬಸ್ಸಿನ ತನಕ ಬಿಡಲು ಬಂದ ಮಾಸ್ತರ ಉಳಿದದ್ದನ್ನು ಹೇಳಿದ. ಅಪ್ಪ ಊರಿನ ರಿವಾಯತ್ ಹಾಡುಗಾರ. ಅವರು ಹೋದ ಮೇಲೆ ಅವ್ವ ತಟ್ಟೆಯ ಮುಂದೆ ಕೂತು ಏಳುತ್ತಿದ್ದಳು, ರೊಟ್ಟಿ ಹಾಗೇ ಉಳಿಯುತ್ತಿತ್ತು. ಮೈ ಇಳಿದು ಹೋಗಿತ್ತು. ಈ ಹಾಡು ಹಚ್ಚತೊಡಗಿದ ಮೇಲೆ ಅದರ ಮುಂದೆ ಕೂತು ಒಂದು ರೊಟ್ಟಿ ಮುಗಿಸುತ್ತಾಳೆ. ಆ ನಾಲ್ಕು ಹುಡುಗರು ಪುಣ್ಯವಂತರು ಅಂದ.

ಬೆಲ್ಟಿನ ವಿಷಯ ನನ್ನಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ. ಆ ವಾರವೆಲ್ಲ, ಫೈಲಿನ ಹಾಳೆಗೆ ನಂಬರ್ ಹಾಕುವಾಗ, ಚಹಾ ಕುಡಿಯುವಾಗ, ಆ ಕಪ್ಪು ಉಂಗುರವೇ ಕಣ್ಣ ಮುಂದೆ. ಮಾಸ್ತರ ಭಾನುವಾರ ಬಂದು ಕೂಡುತ್ತಾನೆ, ಟ್ರೇಸರ್ ಗುಂಡಿ ಒತ್ತುತ್ತಾನೆ, ಆಮೇಲೆ ಆ ಮನೆಯಲ್ಲಿ ರೊಟ್ಟಿ ಯಾರು ತಿನ್ನಬೇಕು? ಪಂಥ ಮುಂದೂಡೋಣ ಎಂದು ಟ್ರೇಸರ್‌ನ ಬೆನ್ನು ಹತ್ತಿದೆ. ಜ್ವರ ಅಂದೆ. ಜ್ವರ ನಿನಗೆ ಬಂದಿದ್ದು, ಟೇಪಿಗಲ್ಲ ಅಂದ. ಕಡೆಗೆ ಕರೆಂಟಿನ ಮೇಲೆ ಭಾರ ಹಾಕಿದೆ. ನಮ್ಮ ಕಡೆ ಮಳೆ ಹನಿ ಬಿದ್ದರೆ ಹೋಗುತ್ತದೆ, ಗಾಳಿ ಬೀಸಿದರೆ ಹೋಗುತ್ತದೆ, ಏನೂ ಇಲ್ಲದಿದ್ದರೂ ಹೋಗುತ್ತದೆ. ಆ ಭಾನುವಾರ ಟ್ರೇಸರ್‌ನ ಮನೆಯ ಬಲ್ಬು ಮಟಮಟ ಮಧ್ಯಾಹ್ನ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

ಮಾಸ್ತರ ತನ್ನ ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಮೊದಲ ಸವಾಲು ನನ್ನದು, ನನ್ನ ಕ್ಯಾಸೆಟ್ಟೇ ಹಚ್ಚು ಎಂದ. ಟ್ರೇಸರ್ ಹಾಕಿ ಒತ್ತಿದ. ಆ ಹುಡುಗರು ದಡಬಡ ಓಡಿ ಬಂದರು. ತೆಳ್ಳಗಿನ ದನಿ, ಇನ್ನೂ ಮೀಸೆ ಒಡೆಯದ ಹುಡುಗನದೋ ಅನ್ನುವಂತೆ.

ಮಾಸ್ತರ ಸ್ವಲ್ಪ ಹೊತ್ತು ಕೇಳಿ, ಶಾಂತವಾಗಿಯೇ, ನಿನ್ನ ಮಿಷನ್ನು ಕೆಟ್ಟಿದೆ, ಹೆಚ್ಚು ವೇಗ ಓಡುತ್ತಿದೆ ಅಂದ. ಟ್ರೇಸರ್ ವಾದ ಮಾಡಲಿಲ್ಲ. ಶಹಾಪುರದ ಗುಡಿಯಲ್ಲಿ ದಿನಾ ಬೆಳಿಗ್ಗೆ ಹಚ್ಚುವ, ಊರಿಗೆಲ್ಲ ಬಾಯಿಪಾಠವಾಗಿದ್ದ ಒಂದು ಭಜನೆಯ ಕ್ಯಾಸೆಟ್ಟು ತೆಗೆದು ಹಾಕಿದ. ಅದು ಹೇಗೆ ಬರಬೇಕೋ ಹಾಗೇ ಬಂತು. ಮತ್ತೆ ಇಂಗ್ಲೆಂಡಿನವರನ್ನು ಹಾಕಿದ. ಅವರು ಮತ್ತೆ ಓಡಿದರು. ಟ್ರೇಸರ್ ಜೋರಾಗಿ ನಗುತ್ತ ತೊಡೆ ತಟ್ಟಿಕೊಂಡ. ನಾನು ಮಾಸ್ತರನ ಕಡೆ ನೋಡಲಾರದೆ ಗೋಡೆಯ ಮೇಲಿನ ನಕಾಶೆ ನೋಡಿದೆ.

“ಹಂಗಾದ್ರ” ಅಂದ ಮಾಸ್ತರ, ಕರವಸ್ತ್ರ ಮಡಚುತ್ತ, “ನಮ್ಮನ್ಯಾಗ ಇಷ್ಟ್ ದಿನ ಹಾಡಿದಾವ ಯಾರು?”

ಟ್ರೇಸರ್ ಅವನ ಟೇಪಿನ ಬಗ್ಗೆ ಕೆದಕಿ ಕೇಳಿ, ಸೈಕಲ್ ಟ್ಯೂಬಿನ ಬೆಲ್ಟಿನ ಸಂಗತಿ ಹೊರಗೆ ತೆಗೆದ. ಪಂಥದ ಲೆಕ್ಕದಲ್ಲಿ ಸೋತವನು ಮಾಸ್ತರನೇ. ಟ್ರೇಸರ್ ನಾಲಿಗೆ ಹರಿತ ಇದ್ದವನೇ ಹೊರತು ಕೆಟ್ಟ ಮನುಷ್ಯನಲ್ಲ. ತಾನು ಗೆದ್ದದ್ದಕ್ಕೆ ಒಂದೇ ಮಾತು ಕೇಳುತ್ತೇನೆ ಅಂದ: ಮುಂದಿನ ಭಾನುವಾರ ಕೊಂಕಲ್‌ಗೆ ಬರುತ್ತೇನೆ, ಯಾದಗಿರಿಯಿಂದ ಒಳ್ಳೇ ಬೆಲ್ಟು ತಂದು ನಾನೇ ಕೂರಿಸಿ ಕೊಡುತ್ತೇನೆ, ನೀನೂ ಖರೇ ಹಾಡು ಕೇಳು. ಉಪಕಾರ ಮಾಡುವ ಖುಷಿಯಲ್ಲಿ ಅವನ ಮುಖ ಅರಳಿತ್ತು. ಮಾಸ್ತರನಿಗೆ ಹಿಂದೆ ಸರಿಯುವ ಹಾಗಿರಲಿಲ್ಲ.

“ಆತು, ಬಾ” ಅಂದ.

ಆ ಭಾನುವಾರ ಬಸ್ಸಿನಲ್ಲಿ ನಾನು ತಡೆಯಲಾರದೆ ಟ್ರೇಸರ್‌ಗೆ ಎಲ್ಲ ಹೇಳಿದೆ: ಅಪ್ಪನ ರಿವಾಯತ್, ತಾಯಿಯ ರೊಟ್ಟಿ, ಕಂಬಕ್ಕೆ ಒರಗಿ ಕೂಡುವುದು. ಅವನು ಬೆಲ್ಟನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದ. ಕೆಟ್ಟ ಟೇಪಿನಲ್ಲಿ ಕೇಳಿಯೇ ಇಷ್ಟು ಸಮಾಧಾನವಾದರೆ ಸರಿಯಾದದ್ದು ಕೇಳಿದರೆ ಇನ್ನೂ ಆಗುವುದಿಲ್ಲವೇ ಅಂದ. ಹಾಡು ಕಟ್ಟಿದವರಿಗೆ ಮೋಸ ಮಾಡಬಾರದು ಎಂದೂ ಹೇಳಿದ. ಕಾಲುವೆಯ ಏರಿ ದಾಟುವಾಗ, ಬಸ್ಸು ಇಲ್ಲೇ ಪಂಕ್ಚರಾಗಲಿ ಎಂದು ಬೇಡಿಕೊಂಡೆ. ಅದೂ ಆಗಲಿಲ್ಲ.

ಮನೆಯಲ್ಲಿ ಮಾಸ್ತರ ಟೇಪನ್ನು ತಂದು ಚಾಪೆಯ ಮೇಲಿಟ್ಟು ದೂರ ಹೋಗಿ ಕೂತ. ತಾಯಿಗೆ ಅವನು ಏನೂ ಹೇಳಿರಲಿಲ್ಲ. ಯಾರೋ ಗೆಳೆಯ ರಿಪೇರಿಗೆ ಬರುತ್ತಾನೆ ಎಂದಷ್ಟೇ ಹೇಳಿದ್ದ. ಅವಳು ಮಜ್ಜಿಗೆ ತಂದಿಟ್ಟಳು. ಟ್ರೇಸರ್ ಸ್ಕ್ರೂಡ್ರೈವರ್ ತೆಗೆದ.

“ಯಪ್ಪಾ, ಬಿಚ್ಚಾಕ ಮೊದಲ ಒಂದ್ ಹಾಡು ಹಚ್ಚು” ಅಂದಳು ಆಕೆ. “ಬಿಚ್ಚಿದ್ದು ಮತ್ತ ಮೊದಲಿನಂಗ ಕೂಡ್ತದೋ ಇಲ್ಲೋ.”

ಅವನು ನನ್ನ ಕಡೆ ನೋಡಿದ. ನಾನು ಮಜ್ಜಿಗೆಯ ಲೋಟ ನೋಡಿದೆ. ಹಚ್ಚಿದ. ಆ ದಪ್ಪ ದನಿ ಏರಿ ಬಂತು. ಹಾಡು ಶುರುವಾದರೆ ಟ್ರೇಸರ್‌ನ ಕಾಲು ತಾನಾಗಿಯೇ ಕುಣಿಯುತ್ತದೆ, ಈಗಲೂ ಎರಡು ಸಲ ಎದ್ದಿತು, ತಾಳ ಸಿಗದೆ ಸುಮ್ಮನಾಯಿತು. ತಾಯಿ ಮಡಿಲಲ್ಲಿ ಉಣ್ಣೆ ಇಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ಇಂಗ್ಲಿಷಿನ ಮಾತು ಅವಳಿಗೆಲ್ಲಿಂದ ಬರಬೇಕು, ಅವಳು ಅದರ ಎಳೆತದ ಮೇಲೆ ಗಂಡನ ರಿವಾಯತ್‌ನ ಸಾಲುಗಳನ್ನು ಕೂರಿಸಿಕೊಂಡು ಹೇಳಿಕೊಳ್ಳುತ್ತಿದ್ದಳು. ಅವು ಕೂಡುತ್ತಿದ್ದವು.

ಹಾಡು ಮುಗಿಯಿತು. ಟ್ರೇಸರ್ ಸ್ಕ್ರೂಗಳನ್ನು ಬಿಚ್ಚತೊಡಗಿದ. ಮುಚ್ಚಳ ತೆಗೆದು, ಕಪ್ಪು ಉಂಗುರವನ್ನು ಹೊರಗೆ ತೆಗೆದು, ಹೆಬ್ಬೆರಳ ಮೇಲಿಟ್ಟು ಬೆಳಕಿಗೆ ಹಿಡಿದ. ಒಂದು ಕಡೆ ಸಣ್ಣಗೆ ಬಿರುಕು ಬಿಟ್ಟಿತ್ತು.

“ಇದು ಬಾಳ ದಿವಸ ಬರಂಗಿಲ್ಲ ಮಾಸ್ತರ. ಆ ಟ್ಯೂಬು ಇನ್ನೂ ಅದೇನು?”

ಮಾಸ್ತರ ಅರ್ಥವಾಗದವನಂತೆ ಎದ್ದು ಹೋಗಿ, ಗೂಟಕ್ಕೆ ನೇತುಹಾಕಿದ್ದ ಹರಕು ಟ್ಯೂಬು ತಂದ. ಟ್ರೇಸರ್ ಅಂಗಿಯ ಜೇಬಿನಿಂದ ಅರ್ಧ ಬ್ಲೇಡು ತೆಗೆದ. ಹಳೆಯ ಉಂಗುರವನ್ನು ಟ್ಯೂಬಿನ ಮೇಲೆ ಇಟ್ಟು, ಅದರ ಅಗಲಕ್ಕೇ, ನಕಾಶೆಯ ಗೆರೆ ತೆಗೆಯುವಾಗ ಹೇಗೆ ಉಸಿರು ಹಿಡಿಯುತ್ತಿದ್ದನೋ ಹಾಗೇ ಹಿಡಿದು, ಹೊಸದೊಂದು ಕತ್ತರಿಸಿದ. ಏರಿಸಿ ಹಚ್ಚಿದ. ದನಿ ಮೊದಲಿಗಿಂತ ಕೂದಲೆಳೆಯಷ್ಟು ತೆಳ್ಳಗೆ ಬಂತು. ತಾಯಿ ಕತ್ತು ಎತ್ತಿದಳು. ಅವನು ಅದನ್ನು ತೆಗೆದು ಹೊರಗೆ ಬಿಸಾಕಿ, ಸ್ವಲ್ಪ ಅಗಲ ಹೆಚ್ಚು ಇಟ್ಟು ಮತ್ತೊಂದು ಕತ್ತರಿಸಿದ. ಈ ಸಲ ಅವಳ ಕೈ ಉಣ್ಣೆಗೆ ಮರಳಿತು. ಅದೇ ಅಳತೆಯಲ್ಲಿ ಟ್ಯೂಬು ಮುಗಿಯುವ ತನಕ ಉಂಗುರ ಕತ್ತರಿಸಿ, ಪೌಡರಿನ ಖಾಲಿ ಡಬ್ಬಿಯಲ್ಲಿ ತುಂಬಿ ಮಾಸ್ತರನ ಕೈಗೆ ಕೊಟ್ಟ. ಒಂದು ಹೋದರೆ ಇನ್ನೊಂದು, ಬೇರೆ ಟ್ಯೂಬಿನದು ಹಾಕಬೇಡ ಅಂದ. ಮಾಸ್ತರ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

ತಿರುಗಿ ಬರುವಾಗ ಟ್ರೇಸರ್ ಬಸ್ಸಿನ ಕಿಟಕಿಯ ಪಕ್ಕ ಕೂತ. ಯಾದಗಿರಿಯ ಬೆಲ್ಟು ಅವನ ಜೇಬಿನಲ್ಲೇ ಇತ್ತು. ಕಾಲುವೆಯ ಏರಿ ಬಂದಾಗ ಅದನ್ನು ತೆಗೆದು ಕಿಟಕಿಯ ಸರಳಿಗೆ ಸಿಕ್ಕಿಸಿ, ಕಾಲುವೆಯ ಕಡೆ ಹಾರುವಂತೆ ಎಳೆದು ಬಿಟ್ಟ.

“ನಾ ಸೋತಿಲ್ಲ ಮತ್ತ” ಅಂದ. “ಆ ಹುಡುಗ್ರು ದೊಡ್ಡವರಾಗಿದ್ದು ಅವಸರದಾಗ ಹಾಡಿದ್ದಕ್ಕ. ಅದನ್ನ ನಾ ಬಿಟ್ಟು ಕೊಡಂಗಿಲ್ಲ.”

ಹೌದು ಅಂದೆ.

ಶಹಾಪುರ ಹತ್ತಿರ ಬಂದಾಗ, ಆ ಟೇಪಿನಲ್ಲಿ ಡ್ರಮ್ಮಿನವನು ಮಾತ್ರ ಅಷ್ಟು ಮೆಲ್ಲಗೆ ಬಾರಿಸಿದರೂ ಎಲ್ಲೂ ತಪ್ಪಲಿಲ್ಲ, ಗಮನಿಸಿದೆಯಾ ಎಂದು ಕೇಳಿದ. ಮುಂದಿನ ವಾರ ಹೋಟೆಲಿನಲ್ಲಿ ಇದನ್ನು ಮಾಸ್ತರನ ಮುಂದೆ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡ.