ಡೋಣಿಯ ಬೇವು ಯಾರದು?

ಬಿಸಿಲೇರುವ ಮೊದಲೇ ಗದಗಿನಿಂದ ಲಕ್ಷ್ಮೇಶ್ವರದ ಬಸ್ಸು ಹಿಡಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಆಧಾರ್ ಕಾರ್ಡು ತೋರಿಸಿ ಕಿಟಕಿ ಪಕ್ಕ ಕುಳಿತೆ. ಜನರ ಹಣವನ್ನು ಕಾರ್ಖಾನೆಗಳಲ್ಲಿ ಹೂಡುವ ಮುಂಬಯಿಯ ಸಂಸ್ಥೆಯೊಂದು, ಆ ಕಾರ್ಖಾನೆಗಳ ಹೊಗೆಗೆ ಪರಿಹಾರವಾಗಿ ನಮ್ಮ ಸೀಮೆಯಲ್ಲಿ ಗಿಡ ಬೆಳೆಸಿರುವುದಾಗಿ ಸಾರಿಕೊಂಡಿತ್ತು. ಅದು ನಿಜವೇ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಕಾರು ಕಳಿಸುತ್ತೇವೆಂದರು. ಇಂಗಾಲದ ಲೆಕ್ಕ ಕೇಳಲು ಹೊಗೆ ಬಿಡುತ್ತ ಹೋಗುವುದು ಬೇಡ ಎಂದೆ. ಅಸಲಿಗೆ, ಬೆಟಗೇರಿಯ ಮಗ್ಗದ ಸದ್ದಿನಲ್ಲಿ ಬೆಳೆದ ನನಗೆ ಈ ದಾರಿಯನ್ನು ಮತ್ತೊಮ್ಮೆ ಬಸ್ಸಿನಲ್ಲೇ ನೋಡುವ ಆಸೆಯಿತ್ತು.

ಲಕ್ಷ್ಮೇಶ್ವರದ ಶಾಲೆಯೊಂದರ ಸುತ್ತ ಸಂಸ್ಥೆ ನೆಟ್ಟಿದ್ದ ಹೊಂಗೆ ಸಸಿಗಳು ಚೆನ್ನಾಗಿಯೇ ಇದ್ದವು. ಖುಷಿಯಾಗಿ ಗಿರ್ಮಿಟ್ ತಿಂದು ಶಿರಹಟ್ಟಿಗೆ ಹೊರಟೆ. ಅಲ್ಲಿ ಬಸ್ಸು ಬದಲಿಸುವುದಷ್ಟೇ ಇತ್ತು. ಆದರೂ ಕಾಲು ಕೇಳಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯ ಸೂಟಿಗೆ ಬಂದಿರುತ್ತಿದ್ದ ಅತ್ತೆಯ ಮನೆಯವರೆಗೆ ನಡೆದೆ. ಆ ಜಾಗದಲ್ಲೀಗ ಮೊಬೈಲ್ ಅಂಗಡಿ. ಅತ್ತೆ ಬಡಿಯುತ್ತಿದ್ದ ಬಿಸಿ ರೊಟ್ಟಿ ನೆನಪಾಗಿ ಅಳು ಬಂದಂತಾಯಿತು.

ಮುಂಡರಗಿ ಕಡೆಯ ದಾರಿಯಲ್ಲಿ ಶೇಂಗಾ ಹೊಲಗಳಾಚೆ ಕಪ್ಪತಗುಡ್ಡ ಕಂಡಿತು. ಡೋಣಿ ಎಂಬ ಹಳ್ಳಿಯಲ್ಲಿ ಇಳಿದೆ. ಅಲ್ಲಿನ ಹೊಲವೊಂದರ ಬದುವಿನ ಬೇವಿನ ಗಿಡಗಳಿಗೆ ಸಂಸ್ಥೆಯ ಹೆಸರಿನ ತಗಡು ಬಡಿದಿದ್ದರು. ಗಿಡ ನೆಡುತ್ತೇವೆಂದು ಸಂಸ್ಥೆ ಮಾತು ಕೊಟ್ಟು ನಾಲ್ಕೈದು ವರ್ಷವೂ ಆಗಿಲ್ಲ. ಗಿಡಗಳೋ ತಬ್ಬಿದರೆ ತೋಳಿಗೆ ಸಿಗುತ್ತಿರಲಿಲ್ಲ! ಹೊಲದೊಡತಿ ಫಕೀರವ್ವ ಆಡು ಮೇಯಿಸುತ್ತಿದ್ದಳು.

‘ಇವು ತಾವಾ ಹುಟ್ಟಿದ್ವರಿ, ನಾ ಸೊಸಿಯಾಗಿ ಬಂದಾಗನ ದೊಡ್ಡವಿದ್ವು. ಕಂಪನಿಯವ್ರು ಬಂದು ಗಿಡ ಯಾರದು ಅಂದ್ರು. ನಿಮ್ದರಿ ಅಂದೆ. ಫೋಟೋ, ವಿಡಿಯೋ ಹೊಡಕೊಂಡು ಹೋಗಿ ತಗಡು ಬಡದ್ರು. ಈಗ ಟೊಂಗಿ ಕಡೀಬ್ಯಾಡ ಅಂತಾರ. ಬ್ಯಾಸಗ್ಯಾಗ ಆಡಿಗೆ ಏನ ಹಾಕ್ಲಿ, ಅಕ್ಕಾರ?’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಸೀಮೆಯಲ್ಲಿ ಬಂದವರೆದುರು ‘ನಂದು’ ಎನ್ನುವುದು ಒರಟುತನ. ಮನೆ ಯಾರದೆಂದರೆ ಅತ್ತೆ ‘ನಿಮ್ದರಿ’ ಎನ್ನುತ್ತಿದ್ದಳು. ನನ್ನನ್ನು ತೋರಿಸಿ ಕೇಳಿದರೆ ‘ನಿಮ್ಮ ಮಗಳರಿ’. ಅದನ್ನು ಕೇಳಿ ಯಾರೂ ಮನೆಯನ್ನು ಹೊತ್ತುಕೊಂಡು ಹೋಗಿರಲಿಲ್ಲ. ಈ ಸಂಸ್ಥೆಯವರು ಮಾತ್ರ ಫಕೀರವ್ವನ ಉಪಚಾರದ ಮಾತನ್ನೇ ವಿಡಿಯೋ ಮಾಡಿ, ಪುರಾವೆಯೆಂದು ನನಗೆ ಕಳಿಸಿದ್ದರು.

ನಾನೂ ವಿಡಿಯೋ ಮಾಡಲು ಮೊಬೈಲು ಹಿಡಿದೆ. ‘ಯವ್ವಾ, ಈ ಗಿಡ ಯಾರವು? ಖರೆ ಹೇಳ್ರಿ.’

‘ನಿಮ್ವರಿ,’ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಎರಡನೆಯ ಸಲವೂ ಅದೇ ಬಂತು. ಇಬ್ಬರೂ ನಕ್ಕೆವು.

‘ನಮ್ಮವು ಅನ್ನದಿದ್ರ ಗಿಡ ಅವ್ರ ಪಾಲಿಗೆ ಹೋಗ್ತಾವ್ರಿ,’ ಎಂದೆ.

ನಗು ನಿಂತಿತು. ಬಿಸಿಲಲ್ಲಿ ಬಾಯಾಡಿಸುತ್ತಿದ್ದ ಆಡುಗಳತ್ತ ನೋಡಿದಳು. ಸೆರಗು ತಲೆಗೆ ಎಳೆದುಕೊಂಡು, ನನಗೆ ಬೆನ್ನು ತಿರುಗಿಸಿ ನಿಂತು, ‘ನಮ್ಮವು’ ಎಂದಳು. ಆಮೇಲೆ ಹತ್ತಿರ ಬಂದು ನನ್ನ ಕೈ ಹಿಡಿದಳು. ‘ಬಂದವರ ಮುಂದ ಹಿಂಗಂದೆ. ತಪ್ಪ ತಿಳೀಬ್ಯಾಡ್ರಿ ಅಕ್ಕಾರ.’

ಆ ಬೇವುಗಳನ್ನು ಸಂಸ್ಥೆಯ ಲೆಕ್ಕದಿಂದ ತೆಗೆಯುತ್ತೇನೆ, ಟೊಂಗೆ ಕಡಿಯಲು ಯಾರ ಅಪ್ಪಣೆಯೂ ಬೇಡ ಎಂದು ಹೇಳಿ ರಸ್ತೆಗೆ ಬಂದೆ. ಗದಗಿನ ಬಸ್ಸಿನಲ್ಲಿ ನಾನು ಮಾಡಿದ ವಿಡಿಯೋ ನೋಡಿದೆ. ದನಿ ಸ್ಪಷ್ಟವಾಗಿದೆ, ಕಾಣುವುದು ಬೆನ್ನು ಮಾತ್ರ. ವರದಿಗೆ ಅಷ್ಟು ಸಾಕು. ನನ್ನ ಮುಖ ನೋಡಿ ಆ ಮಾತು ಹೇಳಲು ಅವಳಿಗೆ ಆಗಲಿಲ್ಲವಲ್ಲ, ಅದೊಂದು ಸಮಾಧಾನ.