ಲಗಮಪ್ಪ ಬಿಗಿದ ಬೋಲ್ಟು

ಮುರಗೋಡದ ಲಗಮಪ್ಪ ಮಿಸ್ತ್ರಿಗೆ ನಡುಗುವ ಯಂತ್ರ ಕಂಡರೆ ಮೈ ಉರಿಯುತ್ತದೆ. ಸವದತ್ತಿಯ ಹಿಟ್ಟಿನ ಗಿರಣಿ, ರಾಮದುರ್ಗದ ಮಗ್ಗ, ಮೂವತ್ತು ವರ್ಷದಲ್ಲಿ ಅವನ ಕೈಗೆ ಸಿಕ್ಕದ್ದೆಲ್ಲ ತೆಪ್ಪಗಾಗಿದೆ. ರಿಪೇರಿ ಮುಗಿದ ಮೇಲೆ ಓಡುವ ಯಂತ್ರದ ಮೇಲೆ ತುಂಬಿದ ಚಹಾ ಕಪ್ಪು ಇಡುತ್ತಾನೆ. ಹನಿ ಚೆಲ್ಲಿದರೆ ಕೂಲಿ ಮುಟ್ಟುವುದಿಲ್ಲ. ಜಂಬ ಜಾಸ್ತಿಯೇ, ಆದರೆ ಕೆಲಸ ಅಷ್ಟು ಚೊಕ್ಕ.

ಹೋದ ವರ್ಷ ಬೈಲಹೊಂಗಲದ ಹತ್ತಿರ ಅಂದಾನೆಪ್ಪ ಸಾವಕಾರರ ಬೇವಿನೆಣ್ಣೆ ಕಾರ್ಖಾನೆ ಸೇರಿದ. ಅಲ್ಲಿ ಎಣ್ಣೆಯ ಕಹಿಸತ್ವವನ್ನು ಸ್ಪಿರಿಟ್ಟಿಗೆ ಇಳಿಸಿ ಬೆಳೆಗೆ ಹೊಡೆಯುವ ಔಷಧ ಮಾಡುತ್ತಾರೆ. ಅದಕ್ಕಾಗಿ ಇಂಜಿನಿಯರ್ ಸ್ನೇಹಲ್ ಎರಡಾಳೆತ್ತರದ ಗಾಜಿನ ಕೊಳವೆ ನಿಲ್ಲಿಸಿದ್ದಳು. ಮೇಲಿನಿಂದ ಎಣ್ಣೆ, ಕೆಳಗಿನಿಂದ ಸ್ಪಿರಿಟ್ಟು. ನಡುವಿನ ತೂತು ತಟ್ಟೆಗಳನ್ನು ಮೋಟರು ಗಡಗಡ ಕುಲುಕುತ್ತಿತ್ತು. ನಮ್ಮ ಮಿಸ್ತ್ರಿಗೆ ತಡೆಯಲಾಗಲಿಲ್ಲ. ಊಟದ ಹೊತ್ತಿನಲ್ಲಿ, ಯಾರೂ ಹೇಳದೆಯೇ, ತಟ್ಟೆಗಳನ್ನು ಆಡಿಸುವ ಕ್ರ್ಯಾಂಕಿನ ಬೋಲ್ಟು ಒಳಕ್ಕೆ ಸರಿಸಿ ಬಿಗಿದ. ಕುಲುಕಾಟ ನಿಂತಂತೆಯೇ ಆಯಿತು. ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದ.

ಮೂರು ದಿನ ಎಣ್ಣೆ ಕಹಿ ಬಿಡಲೇ ಇಲ್ಲ. ಸಾವಕಾರರು ಸಿಟ್ಟಿಗೆದ್ದರು: “ನಾಳೆ ಈ ಕೊಳವಿ ಬಿಚ್ಚಿ ಗುಜರಿಗೆ ಹಾಕ್ರಿ!”

ಸಂಜೆ ಸ್ನೇಹಲ್ ಕೆಂಪಗಾದ ಕಣ್ಣಲ್ಲಿ ಕೊಳವೆಯನ್ನೇ ನೋಡುತ್ತ ನಿಂತಿದ್ದಳು. “ನೋಡ್ರಿ ಕಾಕಾ, ಎಣ್ಣಿ ದಪ್ಪ ದಪ್ಪ ಹನಿ ಆಗಿ ಇಳ್ಯಾಕ ಹತ್ತೈತಿ. ಜೋರಾಗಿ ಕುಲುಕಿದ್ರ ಹನಿ ಒಡದು ಸಾಸಿವಿಯಷ್ಟ ಆಗತಾವ. ಸಣ್ಣ ಆದಷ್ಟೂ ಸ್ಪಿರಿಟ್ಟು ಎಲ್ಲಾ ಕಡೆ ತಾಗತೈತಿ, ಕಹಿ ಬಿಡತೈತಿ. ಕುಲುಕು ಯಾಕ ಕಮ್ಮಿ ಆತೋ ತಿಳೀವಲ್ದು.”

ಲಗಮಪ್ಪನಿಗೆ ತಾನು ಬಿಗಿದ ಬೋಲ್ಟು ನೆನಪಾಯಿತು. ಪಾನಾ ತಂದು ಅದನ್ನು ಸಡಿಲಿಸಿದ. ಮೊದಲು ಕುಲುಕಾಟ ಹೆಚ್ಚಾಗಿ, ಎಣ್ಣೆ ಸ್ಪಿರಿಟ್ಟು ಎರಡೂ ಮಜ್ಜಿಗೆಯಂತೆ ಕಲೆತು ಬೇರೆಯಾಗಲೇ ಇಲ್ಲ. ಆಮೇಲೆ ಚೌಕಟ್ಟಿಗೆ ಅಂಗೈ ಒತ್ತಿ, ನಡುಕವನ್ನು ಅಳೆಯುತ್ತ, ಕೂದಲೆಳೆಯಷ್ಟೇ ಸರಿಸುತ್ತ ಹೋದ. ಕೊನೆಗೆ ಹನಿಗಳು ಸಾಸಿವೆಯಾದವು. ಹುಡುಗಿ ಜಾಣೆ, ಎಲ್ಲ ತಿಳಿಯಿತು. ಇಳಿದ ಎಣ್ಣೆಯನ್ನು ರಾತ್ರಿಯೇ ಪರೀಕ್ಷೆಗೆ ಹಿಡಿದಳು.

ಬೆಳಿಗ್ಗೆ ಬಿಚ್ಚುವ ಆಳುಗಳೊಂದಿಗೆ ಬಂದ ಸಾವಕಾರರ ಕೈಗೆ ಸ್ನೇಹಲ್ ಪರೀಕ್ಷೆಯ ಚೀಟಿ ಕೊಟ್ಟಳು. ಕಹಿಯೆಲ್ಲ ಸ್ಪಿರಿಟ್ಟಿಗೆ ಇಳಿದಿತ್ತು.

“ಮತ್ತ ಮೂರು ದಿನಾ ಏನಾಗಿತ್ತವಾ ಇದಕ್ಕ?”

“ಬೋಲ್ಟು ಸರಿದಿತ್ರಿ,” ಎಂದಳು, ನೆಲ ನೋಡುತ್ತ.

“ತಾನ ಸರೀಲಿಲ್ರಿ ಸಾವಕಾರ್ರ,” ಲಗಮಪ್ಪ ಮುಂದೆ ಬಂದ. “ಅಲ್ಲಾಡತೈತಿ ಅಂತ ನಾನ ಬಿಗದಿದ್ನಿ. ಈಕಿ ಕೊಳವಿ ಬರೋಬ್ಬರಿ ಐತಿ. ನನ್ನ ರಿಪೇರಿನ ತಪ್ಪು.”

ಮೂವತ್ತು ವರ್ಷದಲ್ಲಿ ಆ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು. ಸಾವಕಾರರು ಅವನನ್ನು ಒಮ್ಮೆ ದಿಟ್ಟಿಸಿ ನೋಡಿ, ಆಳುಗಳನ್ನು ಹಿಂದಕ್ಕೆ ಕಳಿಸಿದರು.